ಗೆದ್ದ ಕಡೆಯವನೇ ಏಳಬೇಕು

ಅಯ್ಯೋ, ಮೊದಲು ಆ ಚಾಕು ಕೆಳಗಿಡು! ಹುರುಳಿಕಾಯಿ ಎಲ್ಲಿಗೂ ಓಡಿಹೋಗಲ್ಲ. ಕಣ್ಣು ಮುಚ್ಚು. ಮುಚ್ಚೇ ಅಂದ್ರೆ... ಕಳ್ಳಿ, ಬೆರಳ ಸಂದಿಯಿಂದ ನೋಡ್ತಿದ್ದೀಯ! ಹ್ಞಾ, ಈಗ ಕೈ ನೀಡು. ಏನಿದು ಹೇಳು? ಬೀಗದ ಕೈ! ಯಾವ ಬೀಗದ್ದು? ಟೆರೇಸ್ ಮೇಲಿನ ರೂಮಿಂದು ಕಣೆ! ನಿನ್ನ ರೂಮಿಂದು! ಪಾಸಾಯ್ತು, ನಿನ್ನ ಠರಾವು ಪಾಸಾಯ್ತು!

ಯಾಕೆ ಹಾಗೆ ಮೂಸಿ ನೋಡ್ತೀಯ? ಕುಡಿದಿಲ್ಲ ನಾನು! ಕಮಿಟಿ ಸಭೆಯಲ್ಲಿ ಕೊಟ್ಟಿದ್ದು ಬರೀ ಕಾಫಿ, ಅದೂ ನೀರು ನೀರು. ಲಿಫ್ಟ್‌ಗೆ ಕಾಯೋಕಾಗದೆ ಮೆಟ್ಟಿಲು ಹತ್ತಿ ಓಡಿ ಬಂದೆ, ಅದಕ್ಕೇ ಈ ಏದುಸಿರು. ಈ ವಯಸ್ಸಲ್ಲಿ! ಎರಡೆರಡು ಮೆಟ್ಟಿಲು!

ಗೊತ್ತು, ಗೊತ್ತು, ಪಿಟೀಲು ನುಡಿಸೋಕೆ ನೀನು ಆ ರೂಮು ಕೇಳಿದ್ದು ಹೋದ ತಿಂಗಳೇ ಸೋತಿತ್ತು. ಇರೋದೇ ಐದು ಜನ ಕಮಿಟಿಯಲ್ಲಿ, ಚೀಟಿ ಬರೆಸಿದ್ರು, ಎರಡು ಬೇಕು, ಮೂರು ಬೇಡ. ಅವತ್ತು ಬಟ್ಟೆ ಸುತ್ತಿ ಪಿಟೀಲನ್ನ ಬೀರು ಮೇಲೆ ಇಟ್ಟವಳು ನೀನು, ಮತ್ತೆ ಇಳಿಸಲೇ ಇಲ್ಲ. ನೀನು ನುಡಿಸೋವಾಗ ಕೆಳಮನೆ ಹಲ್ಲಿನ ಡಾಕ್ಟ್ರು ಪೊರಕೆ ಕೋಲಲ್ಲಿ ಸೂರಿಗೆ ಗುದ್ದುತಿದ್ರಲ್ಲ, ಆ ಸದ್ದೂ ನಿಂತುಹೋಯ್ತು. ಮನೆಯೋ, ಬ್ಯಾಂಕೋ ಅನ್ನೋ ಹಾಗಾಯ್ತು. ಕೊನೆಗೆ ನೀನು ಅದನ್ನ ಮಾರ್ತೀನಿ ಅಂತ ಆ ವಾದ್ಯದ ಅಂಗಡಿಯವನಿಗೂ ಹೇಳಿಬಿಟ್ಟೆ. ಇವತ್ತು ಸಂಜೆ ಬರ್ತೀನಿ ಅಂದಿದ್ನಲ್ಲ? ಬರಲ್ಲ! ಬರುವಾಗ ದಾರೀಲೇ ಫೋನ್ ಮಾಡಿ ಹೇಳಿದೆ. ‘ಸ್ವಾಮಿ, ನಮ್ಮನೆಯವಳು ಪಿಟೀಲು ಮಾರಲ್ಲ, ಬೇಕಿದ್ರೆ ನನ್ನನ್ನ ತಗೊಂಡು ಹೋಗಿ’ ಅಂತ.

ನಗು, ನಗು! ಎಷ್ಟು ದಿನ ಆಯ್ತು ನೀನು ನಕ್ಕು.

ಕೂತ್ಕೋ, ಕಥೆ ಕೇಳು. ಸೋತ ಠರಾವನ್ನ ಹಾಗೆ ಸುಮ್ಮನೆ ಮತ್ತೆ ಮತಕ್ಕೆ ಹಾಕೋ ಹಾಗಿಲ್ಲ. ನಮ್ಮ ಕಾರ್ಯದರ್ಶಿ ಮೇಷ್ಟ್ರು ಇದ್ದಾರಲ್ಲ... ಅಯ್ಯೋ, ಮೇಷ್ಟ್ರು ಅಂದ ಕೂಡಲೇ ಮುಖ ಊದಿಸ್ಕೋಬೇಡ ಮಹಾರಾಯ್ತಿ. ಪಾಪ, ಅವರು ‘ಹೇಗಿದ್ದೀರಮ್ಮ’ ಅಂದ್ರೆ ನೀನು ಲಿಫ್ಟ್ ಬಟನ್ ನೋಡ್ತಾ ನಿಲ್ತೀಯ. ಇರಲಿ. ಅವರು ಕನ್ನಡಕ ಏರಿಸಿ ನಿಯಮ ಓದಿದ್ರು. ಸೋತ ಕಡೆಯವರು ಕೇಳೋ ಹಾಗಿಲ್ಲವಂತೆ! ಗೆದ್ದ ಕಡೆಯವರಲ್ಲೇ ಒಬ್ಬರು ಎದ್ದು ನಿಂತು ‘ನನ್ನ ಮನಸ್ಸು ಬದಲಾಯ್ತು, ಮತ್ತೆ ಮತಕ್ಕೆ ಹಾಕಿ’ ಅನ್ನಬೇಕಂತೆ. ಇಲ್ಲದಿದ್ರೆ ಸೋತವರು ಪ್ರತೀ ಸಭೇಲೂ ಅದೇ ರಾಗ ಎಳೀತಾರಲ್ಲ!

ಔಷಧಿ ಅಂಗಡಿಯಮ್ಮ ಪಟ್ ಅಂತ ಎದ್ರು. ನೀನು ಟೆರೇಸಿಗೆ ಹೋದ್ರೆ ಅವರ ತಲೆನೋವಿನ ಮಾತ್ರೆ ವ್ಯಾಪಾರ ಬಿದ್ದುಹೋಗುತ್ತೆ, ಆದರೂ ಮೊದಲಿಂದ ನಿನ್ನ ಪರ ನೋಡು! ‘ನೀವು ಸೋತ ಕಡೆ, ಕೂತ್ಕೊಳ್ಳಿ’ ಅಂದ್ರು ಮೇಷ್ಟ್ರು. ಕೂತ್ರು. ಆಮೇಲೆ ಯಾರೂ ಏಳಲಿಲ್ಲ. ಡಾಕ್ಟ್ರು ಉಗುರು ನೋಡ್ಕೋತಾ ಕೂತ್ರು. ಇಂಜಿನಿಯರ್ ಸಾಹೇಬ್ರು ಆಗಲೇ ಫೈಲು ಮುಚ್ಚಿದ್ರು. ನೀನು ನುಡಿಸಿದ್ರೆ ನೀರಿನ ಟ್ಯಾಂಕ್ ಬಿರುಕು ಬಿಡುತ್ತೆ ಅಂದಿದ್ದು ಇದೇ ಪುಣ್ಯಾತ್ಮ! ಒಂದು ಪಿಟೀಲಿಗೆ! ಟ್ಯಾಂಕು!

ಆಗ... ಆಗ ಒಂದು ಕುರ್ಚಿ ಕರ್ ಅಂತು ಕಣೆ! ಎದ್ದ ಒಬ್ಬ! ‘ಅಧ್ಯಕ್ಷರೇ, ಹೋದ ಸಲ ನಾನು ಬೇಡ ಅಂತ ಬರೆದಿದ್ದೆ. ತಪ್ಪಾಯ್ತು. ಮತ್ತೆ ಮತಕ್ಕೆ ಹಾಕಿ!’ ಅಬ್ಬಬ್ಬಾ, ನೀನು ಇರಬೇಕಿತ್ತು! ಅಧ್ಯಕ್ಷರು ನಮ್ಮ ಡಾಕ್ಟ್ರೇ ಅಲ್ವಾ, ತೆರೆದ ಬಾಯಿ ತೆರೆದ ಹಾಗೇ ಇತ್ತು. ಅವರ ಹಲ್ಲನ್ನ ಬೇರೆಯವರು ಎಣಿಸಬಹುದಿತ್ತು! ಈ ಸಲ ಚೀಟಿ ಇಲ್ಲ, ಕೈ ಎತ್ತಿ ಅಂದ್ರು. ಡಾಕ್ಟ್ರು ಬೇಡ, ರೂಮು ಸಿಕ್ರೆ ನೀನು ಹಗಲೂ ರಾತ್ರಿ ನುಡಿಸ್ತೀಯ ಅನ್ನೋ ಭಯ ಅವರಿಗೆ; ಇಂಜಿನಿಯರ್ ಬೇಡ. ಇಬ್ಬರೂ ಹೋದ ಸಲದ ಹಾಗೇ, ಒಂದಿಂಚೂ ಅಲುಗಾಡಲಿಲ್ಲ. ಈ ಕಡೆ ಮೂರು ಕೈ! ಮೂರು! ನಾನಂತೂ ಎರಡೂ ಕೈ ಎತ್ತಿಬಿಟ್ಟೆ, ‘ಒಂದು ಇಳಿಸ್ರೀ’ ಅಂತ ಬೈಸ್ಕೊಂಡೆ.

ಏಳು, ಏಳು, ಹೋಗೋಣ ಮೇಲೆ. ಮುರಿದ ಕುರ್ಚಿ ಎಲ್ಲ ನಾನು ಹೊರಗೆ ಹಾಕ್ತೀನಿ, ನೀನು ಗುಡಿಸು. ಅಲ್ಲ, ನೀನು ನುಡಿಸು, ನಾನೇ ಗುಡಿಸ್ತೀನಿ!

ಏನು? ಯಾರು ಎದ್ದಿದ್ದಾ? ...ಯಾರಾದ್ರೇನೇ, ಕೆಲಸ ಆಯ್ತಲ್ಲ. ಹೊಟ್ಟೆ ತುಂಬಿದ ಮೇಲೆ ಬಡಿಸಿದ್ಯಾರು ಅಂತ ಕೇಳ್ತಾರಾ?

ಮೇಷ್ಟ್ರಾ? ಹ್ಹಹ್ಹ, ಅವರು ಹೇಗೆ ಏಳ್ತಾರೆ? ನಿಯಮ ಓದಿದವರೇ ಅವರು! ‘ನನಗೂ ಏಳೋ ಆಸೆ, ಆದರೆ ಹೋದ ಸಲ ನಾನು ಬೇಕು ಅಂತ ಬರೆದವನು, ಏನು ಮಾಡಲಿ’ ಅಂತ ಕೈ ಕೈ ಹಿಸುಕ್ಕೊಂಡ್ರು ಪಾಪ...

...

ಅಂದ್ರೆ... ಅದು... ಹೌದು, ಮೇಷ್ಟ್ರೇ ಕೈ ಕೊಟ್ಟಿದ್ದು ಅಂತ ನೀನೇ ಅಂದ್ಕೊಂಡೆ. ನಾನೇನು ಹೇಳಿದ್ನಾ? ನಾನು ಬರೀ ‘ಇರಬಹುದು’ ಅಂದೆ. ಕಾಫಿ ಕುಡಿದ್ಯಾ ನೀನು? ಹಾಲು ಇದೆಯಾ?

ಯಾಕೆ ಬೆರಳು ಮಡಿಸ್ತಿದ್ದೀಯ? ಬಿಡೇ, ಲೆಕ್ಕ ಯಾಕೀಗ, ಸಂತೋಷದ ಹೊತ್ತಲ್ಲಿ... ಕಿರುಬೆರಳು ಔಷಧಿ ಅಂಗಡಿಯಮ್ಮ, ಸರಿ. ಉಂಗುರದ ಬೆರಳು ಮೇಷ್ಟ್ರು. ಡಾಕ್ಟ್ರು. ಇಂಜಿನಿಯರ್. ಆಯ್ತಲ್ಲ, ನಾಲ್ಕೂ ಆಯ್ತು, ಕೈ ಇಳಿಸು. ಇಳಿಸೇ...

ಬೈಯಿ. ಆ ಹುರುಳಿಕಾಯಿ ಬುಟ್ಟಿ ಎತ್ತಿ ತಲೆ ಮೇಲೆ ಸುರಿ.

ನಿನ್ನ ಪಿಟೀಲಿನ ಸದ್ದಿಗೆ ‘ಆ ಬಾಗಿಲಿಗೆ ಎಣ್ಣೆ ಬಿಡೇ’ ಅಂತ ದಿನಾ ಆಡ್ಕೊಂಡವನು ನಾನೇ, ಒಪ್ಪಿದೆ. ನೀನು ಒಳಗೆ ನುಡಿಸೋವಾಗ ಇಲ್ಲಿ ಪೇಪರ್ ಹಿಡ್ಕೊಂಡು ಕೂತಿರ್ತಿದ್ದೆ ನೋಡು... ಒಂದು ಸಲವಾದ್ರೂ ಪುಟ ತಿರುಗಿಸಿದ್ದು ಕೇಳಿಸಿತ್ತಾ? ಆ ಮೂರನೇ ಸಾಲಲ್ಲಿ ತಪ್ಪಿ, ನಿನ್ನನ್ನ ನೀನೇ ಬೈಕೊಂಡು, ಮತ್ತೆ ಮೊದಲಿಂದ ಎತ್ಕೋತೀಯಲ್ಲ... ನೀನು ಮೇಲೆ ಹೋಗಿಬಿಟ್ರೆ ಅದು ಇಲ್ಲಿಗೆ ಕೇಳಿಸಲ್ಲ ಕಣೆ. ರೂಮು ಸಿಗದಿದ್ರೆ ಕಿಟಕಿ ಮುಚ್ಚಿ ಇಲ್ಲೇ ನುಡಿಸ್ತೀಯ ಅಂದ್ಕೊಂಡೆ. ಪೂರ್ತಿ ಬಿಟ್ಟೇಬಿಡ್ತೀಯ ಅಂತ ನನಗೇನು ಗೊತ್ತು?

ಒಂದು ಬೆರಳನ್ನ ಎಷ್ಟು ಹೊತ್ತು ಹಾಗೆ ಎತ್ತಿ ಹಿಡಿದಿರ್ತೀಯ... ಮಡಿಸಿಬಿಡೆ ಅದನ್ನೂ.