ಪುಂಡಿ ಸೊಪ್ಪು ಬಿಡಿಸುತ್ತಿದ್ದವಳು

ಒಬ್ಬ ಶ್ರೀಮಂತನ ಮನೆ ಹಿತ್ತಲಲ್ಲಿ ಅಡುಗೆಯ ಹೆಂಗಸು ಪುಂಡಿ ಸೊಪ್ಪು ಬಿಡಿಸುತ್ತಿದ್ದಳು. ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ. ಕಿವಿ ಮಾತ್ರ ಪಡಸಾಲೆಯಲ್ಲಿತ್ತು.

ಅಲ್ಲಿ ದೊಡ್ಡವರ ಸಭೆ. ಶ್ರೀಮಂತನ ಮಗ ಗಾಂಜಾ ಸೇದಿ ಹಾಳಾಗಿದ್ದ. ಅದಕ್ಕೇ ಶ್ರೀಮಂತ ಡಾಕ್ಟರು, ವಕೀಲರು, ಅಧಿಕಾರಿಗಳನ್ನು ಕರೆಸಿ, ಕರುಣೆಯಿರುವ ಕಾನೂನೊಂದನ್ನು ಬರೆದು ಸರ್ಕಾರಕ್ಕೆ ಕೊಡೋಣ ಅಂದಿದ್ದ. ಒಳ್ಳೆಯವರೇ, ನೋಡಿ, ಎಲ್ಲರೂ. ಸೇದುವವನನ್ನು ಹೊಡೆಯಬೇಡಿ, ಔಷಧಿ ಕೊಡಿ ಎಂದು ಬರೆದರು. ಎಂಥ ಮಾತು! ಆಮೇಲೆ ಗಾಂಜಾ ಬೆಳೆಯುವವನ ಸರದಿ ಬಂತು. ಅವನ ಬದುಕು ಅಲ್ಲಿ ಯಾರಿಗೆ ಗೊತ್ತಿತ್ತು? ಗಿಡ ಕಿತ್ತು ಟೊಮೆಟೊ ಸಸಿ ಕೊಡೋಣ ಎಂದರು.

ಈ ಹೆಂಗಸಿನ ಗಂಡ ಗುಡ್ಡದಲ್ಲಿ ಗಾಂಜಾ ಬೆಳೆದು ಜೈಲು ಸೇರಿದ್ದ. ಅವನು ಹೊರಗೆ ಬರುವ ಮಾತು ಆ ಕಾಗದದಲ್ಲಿ ಬಂದೀತೇನೋ ಎಂದು ಬೆಳಗಿನಿಂದ ಕಾದಿದ್ದಳು. ಬರಲಿಲ್ಲ.

ಎದ್ದಳು. ಕೈಯಲ್ಲಿ ಎಲೆ ಬಿಡಿಸದ ಪುಂಡಿ ಕಡ್ಡಿ ಹಾಗೇ ಇತ್ತು; ಅದರ ಎಲೆಯೂ ಗಾಂಜಾ ಎಲೆಯ ಹಾಗೆ ಸೀಳು ಸೀಳು. ಬಾಗಿಲಿಗೆ ಬಂದಳೋ ಇಲ್ಲವೋ, ಅಧಿಕಾರಿಯೊಬ್ಬ ಕುರ್ಚಿ ಬಿಟ್ಟೆದ್ದ.

"ಏ! ಗಾಂಜಾ ಮನಿಯೊಳಗ ತಂದೀಯಲ್ಲ!"

"ಪುಂಡಿ ಪಲ್ಯಾರೀ ಸಾಹೇಬ್ರ. ಈಗ ನಿಮ್ಮ ತಾಟಿಗೆ ಬರೂದು."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಗಾಂಜಾ ಬೆಳೀತಿದ್ವಿರೀ, ಸುಳ್ಳು ಹೇಳಂಗಿಲ್ಲ. ನಿಮ್ಮ ಮಂದಿ ಬಂದು ಅದನ್ನ ಕಿತ್ತರು. ಎಲಿ ಒಂದೇ ನಮೂನಿ ಅಂತ ಪುಂಡೀನೂ ಕಿತ್ತು ಸುಟ್ಟರು. ಮಕ್ಕಳಿಗೆ ಕುದಿಸಾಕ ಅದೊಂದ ಇತ್ತು. ದಾರಿ ಇಲ್ಲದ ಗುಡ್ಡದಿಂದ ಟೊಮೆಟೊ ಹೊತ್ತರ ಪ್ಯಾಟಿ ಮುಟ್ಟೂದ್ರಾಗ ಕೊಳೀತಾವು. ನಮ್ಮೋರನ್ನೂ ಕೂಡಿಸ್ಕೊಂಡು ಬರೀರಿ, ಯಪ್ಪಾ."

ಶ್ರೀಮಂತ ಕಣ್ಣೊರೆಸಿಕೊಂಡ. ಕರುಣೆ ಕಡಿಮೆ ಇರಲಿಲ್ಲ, ನೋಡಿ. "ಆತು ಬಿಡವ್ವ. ಒಲಿ ಮ್ಯಾಲೆ ಬ್ಯಾಳಿ ಐತಿ, ಹೋಗು" ಅಂದ.

ಹೋದಳು. ಬೇಯಿಸಿದಳು, ಬಡಿಸಿದಳು. ಉಂಡರು. ಮೊದಲು ಬರೆದಿದ್ದ ಕಾಗದಕ್ಕೇ ಸಹಿ ಹಾಕಿದರು.

ಮುಂದಿನ ವರ್ಷ ಟೊಮೆಟೊ ಗುಡ್ಡದಲ್ಲೇ ಕೊಳೆಯಿತು. ಗಂಡ ಜೈಲಿನಲ್ಲೇ ಉಳಿದ. ಅದರ ಮರುವರ್ಷ ಗುಡ್ಡಕ್ಕೆ ಮರಳಿ ಗಾಂಜಾ ಬಿತ್ತಿದವಳು ಅವಳೇ. ಅವಳನ್ನೂ ಹಿಡಿದುಕೊಂಡು ಹೋದರು. ಮಕ್ಕಳು ಎಲ್ಲಿ ಹೋದವೋ, ಕೇಳಿದವರಿಲ್ಲ.

ಯಾರನ್ನು ಬೈಯೋಣ? ಶ್ರೀಮಂತನನ್ನೇ? ನಾವೂ ಉಣ್ಣುತ್ತೇವೆ, ನಾವೂ ಕಣ್ಣೊರೆಸಿಕೊಳ್ಳುತ್ತೇವೆ. ಬಡಿಸಿದವರ ಮಾತು ಕೇಳಿದ್ದೇವೆಯೇ? ಮನೆಯಲ್ಲಾಗಲಿ, ಪಂಚಾಯ್ತಿಯಲ್ಲಾಗಲಿ, ಯಾರ ಬದುಕನ್ನು ತೀರ್ಮಾನ ಮಾಡುತ್ತೀರೋ ಅವರನ್ನು ಮೊದಲು ಕೇಳಿ. ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿ.

ಇವತ್ತು ಈ ಪ್ರವಚನ ಮುಗಿದ ಮೇಲೆ ಇಲ್ಲೇ ಗಾಂಜಾದ ವಿಷಯಕ್ಕೆ ಸಭೆ ಇದೆ. ಗುಡ್ಡದಿಂದ ಬಂದ ಇಬ್ಬರು ಆಗಿನಿಂದ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಾರೆ.

ಮುಂದಿನ ಸಾಲಿನವರು ಸ್ವಲ್ಪ ಸರಿದು ಜಾಗ ಕೊಡಿ.

ಸ್ವಲ್ಪ ಸರಿಯಿರಿ.