ಉಡಚಮ್ಮನ ಮುನಿಸಿಕೊಳ್ಳುವ ಎಣ್ಣೆ

ವೇದಿಕೆಯ ಮೇಲಿರುವ — ವೇದಿಕೆ ಎಲ್ಲಿದೆ, ಎಲ್ಲರೂ ಜಮಖಾನದ ಮೇಲೆಯೇ ಇದ್ದೇವೆ — ನಮ್ಮ ಡಾಕ್ಟರ್ ಸಾಹೇಬರೇ, ಸಿಸ್ಟರುಗಳೇ, ಆಸ್ಪತ್ರೆಯ ನನ್ನ ಸಹೋದ್ಯೋಗಿಗಳೇ, ಈ ಕೇರಿಯ ಹಿರಿಯರೇ, ತಾಯಂದಿರೇ, ಎಲ್ಲರಿಗೂ ಶರಣು. ಹೆಂಡತಿಯನ್ನು ಕಳೆದುಕೊಂಡ ನಾಗೇಂದ್ರಪ್ಪನವರೇ, ತಾಯಿಯನ್ನು ಕಳೆದುಕೊಂಡ ಅಂಜಮ್ಮ, ನಿಮಗೆ ಮೊದಲು ಹೇಳಬೇಕಾಗಿತ್ತು, ಕೊನೆಗೆ ಹೇಳುತ್ತಿದ್ದೇನೆ — ಶರಣು.

ಅಗೋ, ಬೇಲಿಯ ಹತ್ತಿರ ನಿಂತಿರುವವರು ಒಳಗೆ ಬರಬಹುದು. ಜಮಖಾನ ಅರ್ಧ ಖಾಲಿ ಇದೆ. — ಬರುವುದಿಲ್ಲವೇ? ಇರಲಿ. ಆಮೇಲೆ ಇನ್ನೊಮ್ಮೆ ಕರೆಯುತ್ತೇನೆ.

ನಮ್ಮ ಚನ್ನಗಿರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಆಯಾ ಉಡಚಮ್ಮನವರು ಕಳೆದ ಸೋಮವಾರ ನಿದ್ದೆಯಲ್ಲೇ ತೀರಿಕೊಂಡರು. ನಾನು ಅದೇ ಆಸ್ಪತ್ರೆಯ ಕಾಂಪೌಂಡರ್ ಪಂಚಾಕ್ಷರಪ್ಪ. ಮೊದಲು ನ್ಯಾಮತಿ, ಆಮೇಲೆ ಹೊನ್ನಾಳಿ, ಆಮೇಲೆ ಈ ಊರು. ಸರ್ಕಾರ ನನ್ನನ್ನು ಎಲ್ಲೆಲ್ಲಿ ಎಸೆಯಿತೋ, ಒಂದು ತಿಂಗಳು ಹಿಂದೆ ಮುಂದೆ ಅವರನ್ನೂ ಅಲ್ಲಿಗೇ ಎಸೆಯಿತು. ಸಭೆ ಆಸ್ಪತ್ರೆಯ ಅಂಗಳದಲ್ಲಿ ಆಗಲಿ ಎಂದು ನಾವು ಅಂದುಕೊಂಡಿದ್ದೆವು. ನಾಗೇಂದ್ರಪ್ಪನವರು ಒಪ್ಪಲಿಲ್ಲ. “ಆಕಿ ನಿಮ್ಮೆಲ್ಲರ ಮನಿಗೂ ಬಂದಾಳೆ. ಒಂದ್ಸಲ ನೀವು ಆಕಿ ಮನಿಗೆ ಬರ್ರಿ” ಅಂದರು. ಅದಕ್ಕೆ ಇಲ್ಲಿ ಕುಳಿತಿದ್ದೇವೆ.

ದಾವಣಗೆರೆಯ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಥ ಸಭೆಗೆಂದೇ ಒಂದು ಒಳ್ಳೆಯ ವಾಕ್ಯ ಕಲಿಸಿದ್ದರು. ಮುಂದಿನದು ಮರೆತಿದೆ, ಹಿಂದಿನದೂ ಮರೆತಿದೆ, ನಡುವೆ ‘ರೆಸ್ಟ್ ಇನ್ ಪೀಸ್’ ಅಂತ ಉಳಿದಿದೆ. ಅದೂ ಉಡಚಮ್ಮನಿಗೆ ಹೊಂದುವುದಿಲ್ಲ. ಅವರು ರೆಸ್ಟ್ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ಪೀಸಾಗಿ ಇದ್ದದ್ದನ್ನಂತೂ ನೋಡೇ ಇಲ್ಲ. ವಾರ್ಡಿನಲ್ಲಿ ಅವರು ಮಾತಾಡಿದರೆ ಔಷಧಿ ಕೋಣೆಯಲ್ಲಿ ನನ್ನ ಸೀಸೆಗಳು ಅಲುಗುತ್ತಿದ್ದವು. ನಗಬಹುದು, ನಗಿರಿ. ಅಂಜಮ್ಮನೇ ನಗುತ್ತಿದ್ದಾಳೆ, ನಿಮ್ಮದೇನು?

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಅವರ ಕೈಗಳ ವಿಷಯ. ಅವರ ಹತ್ತಿರ ಮೈ ಒತ್ತಿಸಿಕೊಳ್ಳದ ಮನೆ ಈ ಸಭೆಯಲ್ಲಿ ಕಡಿಮೆ. ಆ ವಿದ್ಯೆ ಬಂದದ್ದು ತವರು ಜಗಳೂರಿನ ಕಡೆಯಿಂದ. ಚಿಕ್ಕಂದಿನಲ್ಲಿ ಕುರಿ ಹಟ್ಟಿಯಲ್ಲಿ, ಹುಟ್ಟಿ ಎದ್ದು ನಿಲ್ಲಲಾರದ ಮರಿಗಳ ಕಾಲು ತಿಕ್ಕಿ ತಿಕ್ಕಿ ನಿಲ್ಲಿಸುತ್ತಿದ್ದರಂತೆ. “ಅಲ್ಲಿಂದ ಮನುಷ್ಯರಿಗೆ ಬಂದೆ ಕಾಂಪೌಂಡ್ರೇ. ಕುರಿಮರಿನೇ ವಾಸಿ. ಇನ್ನೊಂಚೂರು ಮ್ಯಾಲೆ, ಇನ್ನೊಂಚೂರು ಕೆಳಗೆ ಅಂತ ಬಾಯಿ ಮಾಡಂಗಿಲ್ಲ” ಎನ್ನುತ್ತಿದ್ದರು.

ಮೈ ಒತ್ತುವುದು ಅಂದರೆ ಎಲ್ಲರಿಗೂ ಒಂದೇ ಅಲ್ಲ. ಅಲ್ಲಿ ಗೋಣು ವಾಲಿಸಿ ಕುಳಿತಿರುವ ಟೈಲರ್ ದೊಡ್ಡಣ್ಣ, ನಿನ್ನನ್ನೇ ಹೇಳುತ್ತಿದ್ದೇನೆ. ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ಇವನ ಕುತ್ತಿಗೆ ಹಲಗೆಯಾಗಿತ್ತು. ಉಡಚಮ್ಮ ಕುತ್ತಿಗೆ ಮುಟ್ಟಲೇ ಇಲ್ಲ, ರೆಕ್ಕೆಮೂಳೆಯ ಹತ್ತಿರ ಹೆಬ್ಬೆರಳು ಊರಿದರು. ‘ಅಯ್ಯಪ್ಪಾ’ ಅಂದ. ಆಮೇಲೆ ‘ಅಬ್ಬಾ’ ಅಂದ. ಆ ಎರಡರ ನಡುವೆಯೇ ಇರುವುದು ಎಲ್ಲ ವಿದ್ಯೆ. ಅಡಿಕೆ ಸುಲಿಯುವ ಹೆಣ್ಣುಮಕ್ಕಳಿಗೆ ಬೇರೆ ರೀತಿ. ಸುಗ್ಗಿಯಲ್ಲಿ ಅವರ ಹೆಬ್ಬೆರಳ ಬುಡ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದಲ್ಲ — ಅಂಗೈ ಬಿಡಿಸಿ, ಒಂದೊಂದೇ ಬೆರಳು ಎಳೆದು, ಮಣಿಕಟ್ಟಿನಿಂದ ಮೊಣಕೈವರೆಗೆ ಮೆಲ್ಲಗೆ ಏರುತ್ತಿದ್ದರು. ಬಾಣಂತಿಗೆ ಸೊಂಟ, ಬಸ್ಸಿನ ಡ್ರೈವರನಿಗೆ ಮೀನಖಂಡ.

ನ್ಯಾಮತಿಯಲ್ಲಿ ಲಕ್ಷ್ಮಮ್ಮ ಅಂತ ಒಬ್ಬಳು, ಚೊಚ್ಚಲ ಬಾಣಂತಿ. ಕೂಸು ಹೊಟ್ಟೆ ಉಬ್ಬರಿಸಿಕೊಂಡು ಸಂಜೆಯಾದರೆ ಒಂದೇ ಸಮನೆ ಅಳುತ್ತಿತ್ತು. ಉಡಚಮ್ಮ ತಮ್ಮ ಕೈ ಹಚ್ಚಲಿಲ್ಲ, ಆಕೆಯ ಕೈ ಹಿಡಿದು ಹಚ್ಚಿಸಿದರು — ಹೀಗೆ, ಗಡಿಯಾರದ ಮುಳ್ಳು ತಿರುಗುವ ಹಾಗೆ, ಹೂವಿನಷ್ಟು ಭಾರ ಹಾಕಿ. ಹಚ್ಚಿಸುತ್ತ ಗದರಿದರು, “ಮಖ ಯಾಕೆ ಗಂಟ್ ಹಾಕ್ಕಂಡಿದೀಯ? ಕೂಸು ಕೈ ನೋಡಾಕಿಲ್ಲ ಕಣವ್ವ, ಮಖ ನೋಡತೈತೆ.” ಲಕ್ಷ್ಮಮ್ಮ ನಕ್ಕಳು. ಕೂಸು ಒಂದು ಹೂಸು ಬಿಟ್ಟಿತು. ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಸಾಹೇಬರು ಕ್ಷಮಿಸಬೇಕು, ನಡೆದದ್ದನ್ನು ಹೇಳಿದೆ.

ಎಲ್ಲ ಸಲವೂ ಗೆದ್ದರು ಅಂತ ತಿಳಿಯಬೇಡಿ. ಹೊನ್ನಾಳಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಮಹೇಶ್ವರಪ್ಪ ಅಂತ ಇದ್ದರು. ಹಿಮ್ಮಡಿ ನೋವು. ಉಡಚಮ್ಮ ಹಿಮ್ಮಡಿ ಒತ್ತಿದರು, ಮೀನಖಂಡ ಒತ್ತಿದರು, ತೊಡೆ ನರ ಅಂದರು, ಸೊಂಟದ ನರ ಅಂದರು, ಇಲ್ಲದ ನರಕ್ಕೂ ಒಂದು ಹೆಸರಿಟ್ಟರು. ವಾರ ಕಳೆಯಿತು. ಕೊನೆಗೆ ಆ ಪುಣ್ಯಾತ್ಮ ಬಿಚ್ಚಿಟ್ಟ ಬೂಟನ್ನು ಪಕ್ಕಕ್ಕೆ ಸರಿಸಲು ಹೋದಾಗ ಉಡಚಮ್ಮನ ಬೆರಳಿಗೇ ಏನೋ ಚುಚ್ಚಿತು. ಬೂಟಿನೊಳಗೆ ಮೊಳೆ! ಈ ಕತೆಯನ್ನು ನಾಲ್ಕೂರಿಗೆ ಹಬ್ಬಿಸಿದವರು ಅವರೇ. “ಮೊದ್ಲು ಬೂಟು ನೋಡ್ರಿ, ಆಮ್ಯಾಲೆ ಕಾಲು ನೋಡ್ರಿ” ಎನ್ನುವುದು ಅವರ ಗಾದೆಯೇ ಆಗಿಹೋಯಿತು. ಮೊಳೆಯ ಪಾಠ ಆದ ಮೇಲೆ, ಕೆಂಪಗೆ ಊದಿದ್ದರೆ, ಜ್ವರ ಇದ್ದರೆ, ಮೂಳೆ ಮುರಿದ ಅನುಮಾನ ಇದ್ದರೆ ಕೈ ಇಡುತ್ತಲೇ ಇರಲಿಲ್ಲ. “ಡಾಕ್ಟ್ರ ಹತ್ರ ಹೋಗ್ರಿ” ಎಂದು ಎಬ್ಬಿಸಿ ಕಳಿಸುತ್ತಿದ್ದರು.

ಸಂತೇಬೆನ್ನೂರಿನ ಮುರುಗೇಶಪ್ಪನವರು, ಅಡಿಕೆ ವ್ಯಾಪಾರಿ, ಹಿರಿಯರು — ಇವರನ್ನೂ ಹೇಳಿಬಿಡುತ್ತೇನೆ. ಮನೆ ತುಂಬ ಜನ, ಮೈ ತುಂಬ ನೋವು. ಇವತ್ತು ಭುಜ, ನಾಳೆ ಮಂಡಿ. ಉಡಚಮ್ಮ ಪಾದದಿಂದ ನೆತ್ತಿವರೆಗೆ ನೋಡಿ ಹೊರಗೆ ಬಂದು ನನ್ನ ಕಿವಿಯಲ್ಲಿ ಅಂದರು, “ಇವ್ರಿಗೆ ನೋವೇನೂ ಇಲ್ಲ. ಹೆಂಡ್ರು ಹೋದ ಮ್ಯಾಲೆ ಯಾರೂ ಮುಟ್ಟಿಲ್ಲ, ಅಷ್ಟೇ.” ಮೊಮ್ಮಕ್ಕಳನ್ನು ಸಾಲಾಗಿ ಕರೆದು ಅಜ್ಜನ ಕಾಲು ಒತ್ತಲು ಹಚ್ಚಿದರು. ಆಗ ನನಗೆ ಆ ಮಾತು ತಮಾಷೆ ಅನ್ನಿಸಿತ್ತು. ಈಗ ನಾನೂ ಹೆಂಡತಿಯನ್ನು ಕಳೆದುಕೊಂಡವನು. ಈಗ ತಮಾಷೆ ಅನ್ನಿಸುವುದಿಲ್ಲ.

ಹೆಂಡತಿ ಅಂದೆ. ಅಲ್ಲಿಗೇ ಬರಬೇಕಾಗಿತ್ತು, ಸುತ್ತಿ ಬಂದೆ.

ಎಂಬತ್ತೊಂದರಲ್ಲಿ ನನ್ನ ಹೆಂಡತಿ ಶಾಂತಾದೇವಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಉಳಿಯಿತು. ದೇವರು ದೊಡ್ಡವನು — ಅವಳ ಪಾಲಿಗೆ, ನನ್ನ ಪಾಲಿಗಲ್ಲ. ಡಾಕ್ಟರು ಗುಳಿಗೆ ಕೊಟ್ಟರು, ವ್ಯಾಯಾಮ ಹೇಳಿಕೊಟ್ಟರು, ದಿನಾ ಎಣ್ಣೆ ಹಚ್ಚಿ ತಿಕ್ಕಿಸಿ ಅಂದರು. ಶಾಂತಾದೇವಿಗೆ ಇದ್ದದ್ದು ಒಂದೇ ಹಟ. “ನನ್ನ ತುರುಬು ನಾನೇ ಕಟ್ಕಬೇಕು. ಇನ್ನೇನೂ ಬ್ಯಾಡ.” ಯಾಕೆಂದರೆ ಅವಳಿಗೆ ತುರುಬು ಕಟ್ಟುತ್ತಿದ್ದವಳು ನಮ್ಮವ್ವ ದ್ಯಾಮಮ್ಮ. ಅಗೋ, ಮುಂದೆ ಅಂಜಮ್ಮನ ಪಕ್ಕದಲ್ಲಿ ಕುಳಿತಿದ್ದಾಳೆ, ಕಿವಿ ಚೆನ್ನಾಗಿ ಕೇಳುತ್ತದೆ, ಆದರೂ ಹೇಳುತ್ತೇನೆ — ಹುಲ್ಲಿನ ಹೊರೆ ಬಿಗಿದ ಹಾಗೆ ಬಿಗಿಯುತ್ತಿದ್ದಳು. ಹುಬ್ಬು ಹಣೆಯ ಮೇಲಕ್ಕೆ ಹೋಗುತ್ತಿತ್ತು.

ಉಡಚಮ್ಮ ಬೆಳಗ್ಗೆ ಬರುತ್ತಿದ್ದರು. ಬರುತ್ತಿದ್ದದ್ದು ಹಿತ್ತಲ ಬಾಗಿಲಿಗೆ. ಬಚ್ಚಲ ಪಕ್ಕದ ಕಲ್ಲಿನ ಮೇಲೆ ಶಾಂತಾದೇವಿಯನ್ನು ಕೂರಿಸಿಕೊಂಡು ತಿಕ್ಕಬೇಕು, ತಿಕ್ಕಿ ಮುಗಿಯುವ ಹೊತ್ತಿಗೆ ಹಂಡೆಯಲ್ಲಿ ನೀರು ಕುದಿಯುತ್ತಿರಬೇಕು. ನಿಮಗೆಲ್ಲ ಗೊತ್ತಿರುವ ಏರ್ಪಾಡು. ಎಣ್ಣೆ ಹಚ್ಚಿಸಿಕೊಂಡವರು ಹೇಗೂ ಸ್ನಾನ ಮಾಡುತ್ತಾರೆ. ಹಚ್ಚಿದ ಕೈ ಯಾವ ಕೇರಿಯದು ಎನ್ನುವುದು ಸೀಗೆಪುಡಿಯ ಜೊತೆ ಬಚ್ಚಲಲ್ಲಿ ಹರಿದುಹೋಗುತ್ತದೆ. ಯಾರೂ ಏನೂ ಕೇಳಬೇಕಾಗಿಲ್ಲ, ಯಾರೂ ಏನೂ ಹೇಳಬೇಕಾಗಿಲ್ಲ. ಜಗಳೂರಿನಿಂದ ಚನ್ನಗಿರಿವರೆಗೆ ಉಡಚಮ್ಮನನ್ನು ಎಲ್ಲ ದೊಡ್ಡ ಮನೆಗಳೂ ಹೀಗೆಯೇ ಕರೆಸಿಕೊಂಡವು.

ಆದರೆ ಕೈ ಸುಧಾರಿಸಲಿಲ್ಲ. ತಿಕ್ಕುವಾಗ ಬೆರಳು ಬಿಚ್ಚಿಕೊಳ್ಳುತ್ತಿತ್ತು. ಮಾಗಿಯ ಚಳಿ, ಹಿತ್ತಲ ಗಾಳಿ, ಒದ್ದೆ ಮೈ — ಸ್ನಾನ ಮುಗಿಸಿ ನಡುಗುತ್ತ ಒಳಗೆ ಬರುವಷ್ಟರಲ್ಲಿ ಮತ್ತೆ ಮುಷ್ಟಿ ಕಟ್ಟಿಕೊಳ್ಳುತ್ತಿತ್ತು. ಉಡಚಮ್ಮ ಬಿಡಿಸಿದ್ದನ್ನು ಬಚ್ಚಲು ಮಡಿಸುತ್ತಿತ್ತು. ಶಾಂತಾದೇವಿ ಮಾತು ಕಡಿಮೆ ಮಾಡಿದಳು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಒಂದು ಸಂಜೆ ಡ್ಯೂಟಿ ಮುಗಿಸಿದ ಉಡಚಮ್ಮ ಮುಂಬಾಗಿಲಿಗೇ ಬಂದು ನಿಂತರು.

“ದೊಡ್ಡವ್ವಾರೆ, ಇವತ್ತಿನಿಂದ ಬ್ಯಾರೆ ಎಣ್ಣೆ. ಇದನ್ನ ಸಂಜಿಗೆ ಹಚ್ಚಬೇಕು. ನಡುಮನೆಯಾಗೆ, ಗಾಳಿ ಆಡದ ಕಡೆ. ಬೆಳಗಾಗೋ ಮಟ ನೀರು ತಾಗಿಸಂಗಿಲ್ಲ.”

ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. “ನೀರು ತಾಗಿಸಂಗಿಲ್ಲ? ಇದ್ಯಾವ ಎಣ್ಣೆನೇ?”

“ಮುನಿಸ್ಕಳ್ಳೋ ಎಣ್ಣೆ ದೊಡ್ಡವ್ವಾರೆ. ನೀರು ಬಿತ್ತೋ, ಮುನಿಸ್ಕಂಡು ಹೊರಗೆ ಬಂದುಬಿಡ್ತೈತೆ. ಕೈ ಹಂಗೇ ನಿಲ್ತೈತೆ.”

“ಹಂಗಾದ್ರೆ ಇವ್ಳು ರಾತ್ರಿ ಉಣ್ಣಾಕೆ ಅಡಿಗೆಮನೆಗೆ ಬರೋದು ಹೆಂಗೆ?”

“ಕಾಲಿಗೆ ಲಕ್ವ ಹೊಡೆದಿಲ್ಲಲ್ರೀ, ನಡ್ಕಂಡು ಬರ್ಲಿ ಬಿಡ್ರಿ.”

ಅವ್ವ ನನ್ನ ಕಡೆ ತಿರುಗಿದಳು. “ನೀನು ಕಾಂಪೌಂಡ್ರಲ್ಲೇನೋ? ಹೌದೇನೋ ಇದು?”

ಉಡಚಮ್ಮ ಎಣ್ಣೆ ತಂದಿದ್ದದ್ದು ನಾನೇ ಕೊಟ್ಟ ಹಳೆಯ ಔಷಧಿ ಸೀಸೆಯಲ್ಲಿ. ಚೀಟಿ ಇನ್ನೂ ಅಂಟಿಕೊಂಡಿತ್ತು. ಕನ್ನಡಕ ಏರಿಸಿ ದೊಡ್ಡದಾಗಿ ಓದಿದೆ — ‘ಕೀಪ್ ಇನ್ ಎ ಕೂಲ್ ಡ್ರೈ ಪ್ಲೇಸ್.’ ಡ್ರೈ ಅಂದ್ರೆ ಒಣ ಅವ್ವ, ನೀರು ತಾಗಬಾರದು ಅಂತ.

“ಇಂಗ್ಲಿಷ್‌ನಾಗೆ ಐತಾ?”

“ಐತವ್ವ. ಅಚ್ಚು ಹಾಕ್ಯಾರೆ.”

ಅವ್ವ ಬಗ್ಗಿ ಚೀಟಿ ನೋಡಿದಳು. “ಅಚ್ಚು ಹಾಕ್ಯಾರೆ ಅಂದ ಮ್ಯಾಲೆ ಏನ್ ಮಾಡಾಕೆ ಬರತೈತೆ. ಬಾ ಒಳಗೆ” ಅಂದಳು. ಕಾಲೇಜಿನ ಇಂಗ್ಲಿಷ್ ನನಗೆ ಜೀವಮಾನದಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮರುದಿನ ಆಸ್ಪತ್ರೆಯಲ್ಲಿ ಕೇಳಿದೆ, “ಉಡಚಮ್ಮ, ಅದು ಹಳೇ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೇನೇ ಅಲ್ವೇನ್ರೀ?” ಅವರು ಕಸಬರಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು. “ಕಾಂಪೌಂಡ್ರೇ, ನಿಮ್ಮ ಕೆಂಪು ನೀರು ಹೊಟ್ಟೆನೋವಿಗೂ ಅದೇ, ತಲೆನೋವಿಗೂ ಅದೇ. ನಾನು ಯಾವತ್ತಾರ ಕೇಳಿದೀನಾ?”

ಕೇಳಿರಲಿಲ್ಲ.

ಆಮೇಲೆ ದಿನಾ ಸಂಜೆ ನಡುಮನೆ. ಬೆಚ್ಚಗೆ ಎಣ್ಣೆ, ಹೆಗಲಿನಿಂದ ಬೆರಳ ತುದಿಗೆ, ಬೆರಳ ತುದಿಯಿಂದ ಹೆಗಲಿಗೆ. ತಿಕ್ಕುತ್ತ ಉಡಚಮ್ಮ ಊರ ಸುದ್ದಿ ಎಲ್ಲ ಹೇಳುವರು, ಶಾಂತಾದೇವಿ ನಗುವಳು, ನಗುನಗುತ್ತಲೇ ಬೆರಳು ಬಿಚ್ಚುವಳು. ಒಂದು ದಿನ ನೋಡುತ್ತೇನೆ, ನಮ್ಮವ್ವ ಅತ್ತ ಮುಖ ಮಾಡಿಕೊಂಡು, ಇತ್ತ ಕಾಲು ಚಾಚಿ ಕುಳಿತಿದ್ದಾಳೆ. “ಎಣ್ಣೆ ಹೆಂಗೂ ಮಿಕ್ಕೈತಲ್ಲ. ಈ ಮಂಡಿಗೆ ಒಂಚೂರು ಬಳಿ.” ಆ ರಾತ್ರಿ ಅವ್ವನೂ ಸ್ನಾನ ಮಾಡಲಿಲ್ಲ. ಎಣ್ಣೆ ಮುನಿಸಿಕೊಂಡರೆ ಏನು ಗತಿ?

ಯುಗಾದಿ ಕಳೆದ ಮೇಲೆ ಒಂದು ಸಂಜೆ ಶಾಂತಾದೇವಿ ತಲೆಗೂದಲು ಬಿಚ್ಚಿ ಹಾಕಿ ಕುಳಿತಳು. ಬಲಗೈ ಮೇಲೆತ್ತಿದಳು. ಕಿವಿಯ ತನಕ ಬಂತು, ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ನಮ್ಮವ್ವ ತಡೆಯಲಾರದೆ ಹತ್ತಿರ ಹೋದಳು. ಉಡಚಮ್ಮ ಗದರಿದರು, “ದೊಡ್ಡವ್ವಾರೆ, ಮುಟ್ಟಬ್ಯಾಡ್ರಿ!” — ನಮ್ಮವ್ವನಿಗೆ ಮುಟ್ಟಬೇಡ ಅಂದವರನ್ನು ನಾನು ಕಂಡದ್ದು ಅದೇ ಮೊದಲು. ಅವ್ವ ನಿಂತಲ್ಲೇ ನಿಂತಳು. ಮೂರನೆಯ ಸಲ ಕೈ ಮೇಲೆ ಹೋಯಿತು, ಸುತ್ತಿತು, ಸಿಕ್ಕಿಸಿತು. ತುರುಬು ಎಡಗಿವಿಯ ಕಡೆ ವಾಲಿತ್ತು. ವಾಲಲಿ, ಅದು ಅವಳದ್ದು.

ಎಲ್ಲರೂ ನಗುತ್ತಿದ್ದೆವು. ಶಾಂತಾದೇವಿ ಮಾತ್ರ ಉಡಚಮ್ಮನನ್ನೇ ನೋಡುತ್ತಿದ್ದಳು. ಎರಡೂ ಕೈಗೆ ಎಣ್ಣೆ ಮೆತ್ತಿಕೊಂಡು ತಿಕ್ಕುವವರ ತಲೆಗೂದಲು ಬಿಚ್ಚಿಕೊಂಡರೆ ಕಟ್ಟುವವರು ಯಾರು? ಅವರ ಕೂದಲು ಯಾವಾಗಲೂ ಬಿಚ್ಚಿಕೊಂಡೇ ಇರುತ್ತಿತ್ತು, ಮೊಣಕೈಯಿಂದ ಸರಿಸಿಕೊಳ್ಳುವರು.

“ಬಾ ಇಲ್ಲಿ. ನನ್ನ ಮುಂದೆ ಕೂತ್ಕ” ಅಂದಳು ಶಾಂತಾದೇವಿ.

“ಬ್ಯಾಡ ಅಕ್ಕಾರೆ... ನನ್ನ ತಲಿ... ಬ್ಯಾಡ್ರಿ.” ಉಡಚಮ್ಮ ಹಿಂದಕ್ಕೆ ಸರಿದು ಗೋಡೆಗೆ ಒರಗಿದರು. ಆದರೂ ಕೂತರು. ಶಾಂತಾದೇವಿ ಆ ಬಲಗೈಯಿಂದಲೇ ಅವರ ಕೂದಲು ಬಾಚಿ ಹಿಡಿದಳು. ಊರವರ ಮೈಯನ್ನೆಲ್ಲ ಒತ್ತಿದ ಹೆಂಗಸು, ತನ್ನ ತಲೆಯ ಮೇಲೆ ಇನ್ನೊಬ್ಬರ ಕೈ ಬಿದ್ದಾಗ ಕೂಸಿನ ಹಾಗೆ ಕಣ್ಣು ಮುಚ್ಚಿಕೊಂಡರು. ನಾನು ಅವ್ವನ ಮುಖ ನೋಡಿದೆ. ಅವ್ವ ಏನನ್ನುತ್ತಾಳೋ —

ಅವ್ವ ಅಂದಳು, “ಬಿಗಿಯಾಗಿ ಕಟ್ಟೇ. ಸಡ್ಲ ಐತೆ.”

ಇಷ್ಟೇ ಕತೆ. ಶಾಂತಾದೇವಿ ಎಂಬತ್ತನಾಲ್ಕರಲ್ಲಿ ಹೋದಳು. ಕೊನೆಯ ದಿನವೂ ತುರುಬು ಅವಳೇ ಕಟ್ಟಿದ್ದು, ವಾಲಿದ್ದೇ.

ಈಗ ನನ್ನದೊಂದು ಕೋರಿಕೆ. ಇಲ್ಲಿಂದ ಮನೆಗೆ ಹೋದ ಕೂಡಲೇ ನಮ್ಮಲ್ಲಿ ಕೆಲವರು ನೆಟ್ಟಗೆ ಬಚ್ಚಲಿಗೆ ಹೋಗುವವರಿದ್ದೇವೆ. ಹಂಡೆಗೆ ಉರಿ ಹಾಕಿಯೇ ಹೊರಟವರೂ ಇರಬಹುದು. ಸಾವಿನ ಮನೆಗೆ ಹೋಗಿ ಬಂದೆವು ಅಂತ ಒಂದು, ಈ ಕೇರಿಗೆ ಹೋಗಿ ಬಂದೆವು ಅಂತ ಇನ್ನೊಂದು. ಬೇಡ. ಬೆಳಗಾಗುವವರೆಗೆ ನೀರು ತಾಗಿಸಬೇಡಿ. ಎಣ್ಣೆ ಮುನಿಸಿಕೊಳ್ಳುತ್ತದೆ. ನನ್ನ ಮಾತಲ್ಲ, ಅಚ್ಚಿನಲ್ಲಿದೆ.

ಎಲ್ಲರೂ ದಯವಿಟ್ಟು ಏಳಬೇಕು. ಅವ್ವ, ನೀನು ಏಳಬೇಡ, ನಿನ್ನ ಮಂಡಿ... ಎದ್ದೇಬಿಟ್ಟಳು. ಅಂಜಮ್ಮನ ಹೆಗಲು ಹಿಡಿದು ಎದ್ದಿದ್ದಾಳೆ. ಬಿಡಬೇಡ ಅವ್ವ, ಹಾಗೆಯೇ ಹಿಡಿದಿರು. ಉಳಿದವರೂ ಹಾಗೆಯೇ — ಪಕ್ಕದಲ್ಲಿರುವವರ ಹೆಗಲ ಮೇಲೆ ಒಂದು ಕೈ. ಯಾರಾದರೂ ಸರಿ. ಒತ್ತುವುದು ಬೇಡ, ಇಟ್ಟರೆ ಸಾಕು. ನಾಗೇಂದ್ರಪ್ಪನವರೇ, ನಿಮ್ಮ ಹೆಗಲು ಇತ್ತ ಕೊಡಿ.

ಬೇಲಿಯ ಹತ್ತಿರದವರೇ, ಅಲ್ಲಿಂದ ಕೈ ಎಟುಕುವುದಿಲ್ಲ. ಆಗಲೇ ಹೇಳಿದ್ದೆನಲ್ಲ, ಇನ್ನೊಮ್ಮೆ ಕರೆಯುತ್ತೇನೆ ಅಂತ — ಬನ್ನಿ.

ಇನ್ನೊಂದು ಹೆಜ್ಜೆ.

ಹ್ಞಾ. ಈಗ ಯಾರೂ ಮಾತಾಡುವುದು ಬೇಡ.