ಹೊಸ್ತಿಲಿಂದ ಉಜ್ಜಿ ತೆಗೆದ ಮುದುಕಿ

ನಗುವವರು ಈಗಲೇ ನಕ್ಕುಬಿಡಿ ಮಾರಾಯ್ರೆ, ಆಮೇಲೆ ನಗು ಬರುವುದಿಲ್ಲ. ಮಸ್ಕತ್ತಿನ ವಾದಿ ಕಬೀರಿನಲ್ಲಿ ನಮ್ಮ ಮೇಲಿನ ಮಾಳಿಗೆಯ ಶೈಲೇಶನಿಗೆ ಆದದ್ದು ಇದು.

ರಾತ್ರಿ ಹನ್ನೊಂದೂವರೆ. ಅಲ್ಲೇ ಹತ್ತಿರ ದಾರ್ಸೈಟಿನ ಸಭಾಂಗಣದಲ್ಲಿ ನಮ್ಮ ಊರ ಕಡೆಯವರ ಫೋಟೊ ಸ್ಪರ್ಧೆ ಮುಗಿದಿತ್ತು. ಮೊದಲ ಬಹುಮಾನದ ಫಲಕ ಕಂಕುಳಲ್ಲಿ. ಒಣಗಿದ ಹಳ್ಳದ ಬದಿಯಲ್ಲಿ ಒಬ್ಬನೇ ಕಾರಿನ ಕಡೆ ನಡೆಯುತ್ತಿದ್ದ. ಹಿಂದಿನಿಂದ ಶಬ್ದ… ಸರ್ರ್… ಸರ್ರ್… ಕಲ್ಲಿನ ಮೇಲೆ ಚಪ್ಪಲಿ ಎಳೆದ ಹಾಗೆ. ಇವನು ನಿಂತರೆ ಅದೂ ನಿಲ್ಲುತ್ತದೆ.

ಬಹುಮಾನ ಬಂದದ್ದು ಯಾವ ಫೋಟೊಗೆ ಅಂತ ಹೇಳಬೇಕು. ರಜೆಯಲ್ಲಿ ಲಿಸ್ಬನ್ನಿಗೆ ಹೋಗಿದ್ದ. ಅಲ್ಲಿಯ ಹಳೇ ಕೇರಿಯಲ್ಲಿ ಒಂದು ಓಣಿ, ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒರಗಬೇಕು, ಅಷ್ಟು ಇಕ್ಕಟ್ಟು. ಒಂದು ಮನೆಯ ಹೊಸ್ತಿಲಲ್ಲಿ ಕಪ್ಪು ಬಟ್ಟೆಯ ಮುದುಕಿ ಕೂತಿದ್ದಳು. ಕೈ ಅಡ್ಡ ಹಿಡಿದು ಬೇಡ ಅಂದಳು. ಇವನು ಕೇಳುವ ಜನವಾ? ಟಿಕ್. ಮಸ್ಕತ್ತಿಗೆ ಬಂದು ನೋಡಿದರೆ ಓಣಿ ಚಂದ, ಮುದುಕಿ ಅಡ್ಡ. ಲ್ಯಾಪ್‌ಟಾಪಿನಲ್ಲಿ ಅವಳನ್ನು ಉಜ್ಜಿ ತೆಗೆದ. ಅದರ ಮೇಲೆಯೇ ಸೇವ್ ಮಾಡಿದ, ಮೂಲ ಫೋಟೊ ಉಳಿಸಲಿಲ್ಲ. ಸೋಮಾರಿ ನನ್ಮಗ, ಒಂದು ಕಾಪಿ ಇಟ್ಟಿದ್ದರೆ ಏನಾಗುತ್ತಿತ್ತು?

ಹಳ್ಳದ ಬದಿಯಲ್ಲಿ ಕಿವಿಯ ಹತ್ತಿರವೇ ಉಸಿರು ಬಂತು. ಭಾಷೆ ಯಾವುದೋ. ಅರ್ಥ ಮಾತ್ರ ಆಯಿತು.

"ನನ್ನ ಹೊಸ್ತಿಲಲ್ಲಿ ನಾನು ಯಾಕಿಲ್ಲ?"

ಗೆದ್ದ ಅಮಲು ನೋಡಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ನೀವಿದ್ದರೆ ಚಂದ ಕಾಣುವುದಿಲ್ಲ."

"ಹಾಗಾ…" ಅಂದಳಂತೆ. ಅಷ್ಟೇ.

ಮನೆಗೆ ಬಂದು ದೀಪ ಹಾಕಿದ. ಗೋಡೆಯ ಮೇಲೆ ಮಗಳು ಅಕ್ಷಯಾಳ ಹುಟ್ಟುಹಬ್ಬದ ಫೋಟೊ. ಕೇಕ್ ಉಂಟು, ಕತ್ತರಿಸಲು ಹೊರಟ ಚಾಕು ಉಂಟು. ಮಗಳಿಲ್ಲ. ಒಳಗೆ ಓಡಿದ. ಮಗು ಮಂಚದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಫೋನ್ ತೆಗೆದು ನೋಡಿದ. ಆರು ವರ್ಷದ ಒಂದು ಫೋಟೊದಲ್ಲೂ ಅವಳಿಲ್ಲ. ತೊಟ್ಟಿಲು ಇತ್ತು, ಖಾಲಿ.

ಬೆಳಿಗ್ಗೆ ಮಗುವನ್ನು ಶರ್ಫುದ್ದೀನನ ಫೋಟೊ ಸ್ಟುಡಿಯೋಗೆ ಕರೆದುಕೊಂಡು ಹೋದ. ಶರ್ಫುದ್ದೀನ್ ಮೂರು ಸಲ ತೆಗೆದ. ಮೂರರಲ್ಲೂ ಬರೀ ಬಿಳಿ ಪರದೆ. ಪಾಪ, ಅವನು ಆವತ್ತೇ ಅಂಗಡಿಗೆ ಬೀಗ ಹಾಕಿ ಮನೆಗೆ ಹೋದ. ಹೆಂಡತಿ ಸಮೀಕ್ಷಾ ವಿಷಯ ಎಲ್ಲ ಕೇಳಿ, "ಅವಳನ್ನು ವಾಪಸ್ ಕೂರಿಸಿ. ಈಗಲೇ," ಅಂದಳು. ಎಲ್ಲಿಂದ ಕೂರಿಸುವುದು? ಮೂಲವೇ ಇಲ್ಲವಲ್ಲ! ಮತ್ತೆ ಲಿಸ್ಬನ್ನಿಗೆ ಹಾರಿದ. ಓಣಿ ಸಿಕ್ಕಿತು, ಹೊಸ್ತಿಲು ಸಿಕ್ಕಿತು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಮೆಟ್ಟಿಲಲ್ಲಿ ಕೂತು ಹೆಂಗಸಿನ ಹಾಗೆ ಅತ್ತು, ತಪ್ಪಾಯಿತು ಅಂತ ಹಣೆ ಚಚ್ಚಿಕೊಂಡು ಬಂದ. ಮುದುಕಿಯ ಸಿಟ್ಟು ಇಳಿಯಲಿಲ್ಲ.

ಪ್ರತಿ ಶುಕ್ರವಾರ ಊರಿಗೆ ವಿಡಿಯೋ ಕಾಲ್ ಮಾಡುವುದು ಇವರ ಪದ್ಧತಿ. ಕಾಪುವಿನಲ್ಲಿರುವ ತಾಯಿ ಉಮಾವತಿಯಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ. ಮೊನ್ನೆ ನಾನೂ ಅಲ್ಲೇ ಸೋಫಾದಲ್ಲಿದ್ದೆ, ಕಣ್ಣಾರೆ ಕಂಡದ್ದು. ಮಗು ಅಪ್ಪನ ಮಡಿಲಲ್ಲಿ ಕೂತು, "ಅಜ್ಜೀ, ನಾನಿಲ್ಲಿ!" ಅಂತ ಕೈಬೀಸುತ್ತಿತ್ತು. ಅಜ್ಜಿ ಕನ್ನಡಕ ಒರೆಸಿ ಒರೆಸಿ ನೋಡಿದರು.

"ಸ್ವರ ಕೇಳ್ತದೆ ಮಗಾ… ನಿನ್ನಪ್ಪ ಯಾಕೆ ಬರೀ ಗಾಳಿಯನ್ನು ಹೀಗೆ ತಬ್ಬಿಕೊಂಡು ಕೂತಿದ್ದಾನೆ?"